ಹೀರೇಕಾಯಿ ಚಪ್ಪರವೂ ದೊರೆಗಳ ಹುಲ್ಲುಹಾಸೂ

ಈ ಬೇಸಿಗೆ ಮುಗಿಯೋದ್ರೊಳಗೆ ಕೆನಡಾದ ಮಾರ್ಕಮ್ಮಿನ ನಮ್ಮ ಹಿತ್ತಲನ್ನ ಇಂಗ್ಲೆಂಡಿನ ದೊರೆಗಳ ತೋಟ ಮಾಡದಿದ್ರೆ ನನ್ನ ಹೆಸರು ಸತ್ಯಪ್ರಕಾಶನೇ ಅಲ್ಲ! ಹಾಗಂತ ವಾಪಸ್ ಬರೋ ವಿಮಾನದಲ್ಲೇ ಘೋಷಿಸಿಬಿಟ್ಟೆ. ಪಕ್ಕದಲ್ಲಿದ್ದ ನನ್ನ ಹೆಂಡತಿ ಚೈತನ್ಯಾ, ಧಾರವಾಡದವಳು, ಕಣ್ಣು ಮುಚ್ಚಿಕೊಂಡೇ, "ಮೊದಲ ಸೀಟ್ ಬೆಲ್ಟ್ ಹಾಕ್ಕೋರಿ" ಅಂದಳು.

ರಜೆಗೆ ಹೋದ ನಾವು ಲಂಡನ್ ನೋಡಿದ್ದಕ್ಕಿಂತ ಹಳ್ಳಿಗಾಡಿನ ಭಾರೀ ಬಂಗಲೆಗಳನ್ನ ಸುತ್ತಿದ್ದೇ ಹೆಚ್ಚು. ಒಂದು ಕಡೆ ಗಿಡಗಳನ್ನ ನವಿಲಿನ ಆಕಾರಕ್ಕೆ ಕತ್ತರಿಸಿದಾರೆ. ಇನ್ನೊಂದು ಕಡೆ ಗುಲಾಬಿ ಮಹಡಿ ಹತ್ತಿದೆ. ನಾನು ಮರುಳಾಗಿದ್ದು ಮಾತ್ರ ಹುಲ್ಲಿಗೆ! ದಿವಾನಖಾನೆ ಕಿಟಕಿಯಲ್ಲಿ ನಿಂತ್ರೆ ಕಣ್ಣು ಹಾಯಿಸಿದಷ್ಟೂ ಹಸಿರು, ನಡುವೆ ಏನೂ ಅಡ್ಡ ಇಲ್ಲ.

"ಇಲ್ಲೊಂದು ಹಳ್ಳಿ ಇತ್ತು. ನೋಟಕ್ಕೆ ಅಡ್ಡ ಅಂತ ಆಗಿನ ದೊರೆ ಎತ್ತಿಸಿಬಿಟ್ಟ. ಚರ್ಚೊಂದು ಉಳೀತು" ಅಂದ್ರು ಒಂದು ಬಂಗಲೆಯ ಗೈಡಮ್ಮ.

ದೂರದಲ್ಲಿ, ಹುಲ್ಲಿನ ನಡುವೆ, ಒಂಟಿ ಚರ್ಚು. "ಆಹಾ, ಎಂಥ ರಸಿಕ!" ಅಂದೆ ನಾನು.

"ಅಲ್ಲಿದ್ದ ಮಂದಿ ಎಲ್ಲಿಗೆ ಹೋದ್ರಂತ, ಕೇಳ್ರಿ" ಅಂದಳು ಚೈತನ್ಯಾ.

ಕೇಳಿದೆ. ಕೆಲವರಿಗೆ ಗುಡ್ಡದಾಚೆ ಮನೆ ಕಟ್ಟಿಸಿಕೊಟ್ಟರಂತೆ, ಉಳಿದವರದ್ದು ಗೊತ್ತಿಲ್ಲವಂತೆ. ಆಮೇಲೆ ಚೈತನ್ಯಾ ಒಂದು ಫೋಟೋನೂ ತೆಗೀಲಿಲ್ಲ. ಪಾಪ, ಕಾಲು ನೋವಿರಬೇಕು ಅಂದ್ಕೊಂಡೆ.

ಊರಿಗೆ ಬಂದವನೇ ಅಡುಗೆಮನೆ ಕಿಟಕಿಯಿಂದ ನನ್ನ ಎಸ್ಟೇಟನ್ನ ವೀಕ್ಷಿಸಿದೆ. ಎಸ್ಟೇಟು ಅಂದ್ರೆ, ಒತ್ತೊತ್ತಾಗಿ ನಿಲ್ಲಿಸಿದ್ರೆ ನಾಲ್ಕು ಕಾರು ಹಿಡಿಯುತ್ತೆ. ಅದರ ನಟ್ಟನಡುವೆ ಚೈತನ್ಯಾಳ ಹೀರೇಕಾಯಿ ಚಪ್ಪರ! ಮುರಿದ ಹಾಕಿ ಸ್ಟಿಕ್ಕು, ಹಳೇ ಪರದೆಯ ರಾಡು, ಹಿಮ ಎತ್ತೋ ಸಲಿಕೆಯ ಹಿಡಿ ಎಲ್ಲ ಸೇರಿಸಿ ಕಟ್ಟಿದ್ದು.

"ಇದನ್ನ ತೆಗೆದುಬಿಡೋಣ ಕಣೇ. ವ್ಯೂ ಸಿಗುತ್ತೆ!"

"ಹಂದರ ತಗದ್ರ ಏನ್ ಕಾಣ್ತದ್ರಿ?"

"ದಿಗಂತ!"

"ಬೇಲಿ ಕಾಣ್ತದ. ಅದರಾಚೆ ಬಾಜೂ ಮನಿಯವ್ರು ಚಡ್ಡಿ ಹಾಕ್ಕೊಂಡು ಬಾರ್ಬೆಕ್ಯೂ ಮಾಡೋದು ಕಾಣ್ತದ. ಮುಟ್ಟಬ್ಯಾಡ್ರಿ, ಕಾಯಿ ಇನ್ನೂ ಅದಾವು."

ಹೆಂಡತಿ ಮಾತು ಕೇಳಿದ ದೊರೆಯ ಹೆಸರು ಇತಿಹಾಸದಲ್ಲಿ ಎಲ್ಲಾದರೂ ಇದೆಯೇ? ಸೆಪ್ಟೆಂಬರ್ ಕೊನೆಯ ಶನಿವಾರ ಅವಳು ಗೆಳತಿ ಕೋಕಿಲಾ ಜೊತೆ ನಮ್ಮ ದೇಶದ ಅಂಗಡಿಗಳಿರೋ ಜೆರಾರ್ಡ್ ಬಜಾರಿಗೆ ಹೋದದ್ದೇ ತಡ, ಕೋಕಿಲಾಳ ಗಂಡ ಆದಿತ್ಯನಿಗೆ ಫೋನ್ ಮಾಡಿ, "ಸಂಜೆ ಟೀಗೆ ಬಾರಯ್ಯ, ಎಸ್ಟೇಟ್ ಉದ್ಘಾಟನೆ!" ಅಂದೆ. ಆಮೇಲೆ ಕತ್ತರಿ ಹಿಡಿದೆ. ಒಂದೇ ಗಂಟೆಯಲ್ಲಿ ಚಪ್ಪರ ನೆಲಸಮ! ತುತ್ತತುದಿಯಲ್ಲಿ ಒಂದು ಕಾಯಿ ಒಣಗಿ, ಕಂದುಬಣ್ಣಕ್ಕೆ ತಿರುಗಿ, ಕುರೂಪವಾಗಿ ಬಳ್ಳಿಗೆ ಅಂಟಿಕೊಂಡಿತ್ತು. ಕೈಗೆ ತಗೊಂಡ್ರೆ ಹಗುರ, ಗಿಲಿಗಿಲಿ ಸದ್ದು. ಗೆದ್ದ ಖುಷಿಯಲ್ಲಿ ಅದನ್ನೇ ಬ್ಯಾಟಿನ ಹಾಗೆ ಹಿಡಿದು ನಾಲ್ಕೂ ದಿಕ್ಕಿಗೆ ಸಿಕ್ಸರ್ ಬಾರಿಸಿದೆ. ಆಮೇಲೆ ಕಸದ ಚೀಲಕ್ಕೆ ಹಾಕಿದೆ.

ಚೈತನ್ಯಾ ಕೋಕಿಲಾ ಜೊತೆ ವಾಪಸ್ ಬಂದಳು. ಚಪ್ಪರ ಇಲ್ಲದ ಹಿತ್ತಲನ್ನ ನೋಡಿದಳು. ಬೈಗುಳಕ್ಕೆ ನಾನು ತಯಾರಾಗಿ ನಿಂತಿದ್ದೆ.

"ಮ್ಯಾಲೆ ಒಂದು ಒಣಾ ಕಾಯಿ ಇತ್ತಲ್ರಿ?"

"ಅದಾ? ಒಳ್ಳೇ ಬ್ಯಾಟು! ಚೀಲದಲ್ಲಿದೆ ನೋಡು."

ತೆಗೆದು ಬೋರಲು ಹಿಡಿದಳು. ಕಾಯಿಯ ತುದಿಯ ಮುಚ್ಚಳ ಉದುರಿಹೋಗಿತ್ತು. ಒಳಗೆ ಬರೀ ನಾರು. ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಬೀಜಕ್ಕಂತ ಬಿಟ್ಟಿದ್ದೆ. ಅವ್ವ ಕಟ್ಟಿಕೊಟ್ಟಿದ್ದ ಬೀಜದ ಬಳ್ಳಿ ಅದು. ಉಳಿದದ್ದನ್ನೆಲ್ಲಾ ಈ ವರ್ಷ ಹಾಕಿಬಿಟ್ಟಿದ್ದೆ. ಈಗ ಕೇಳೂಣಂದ್ರ ಅವ್ವ ಇಲ್ಲ."

ಕೂಗಾಡಿದ್ರೆ ನಾನೂ ಕೂಗಾಡಿ ಬಚಾವಾಗ್ತಿದ್ದೆ. ಅವಳು ಕೂಗಲೇ ಇಲ್ಲ. ನನ್ನ ಸಿಕ್ಸರುಗಳಿಗೆ ಬೀಜವೆಲ್ಲ ಹುಲ್ಲಿಗೆ ಚೆಲ್ಲಿಹೋಗಿತ್ತು. ಹೊಸ ಪ್ಯಾಂಟಿನ ಸಮೇತ ಮಂಡಿಯೂರಿ ಹುಲ್ಲು ಕೆದಕೋಕೆ ಶುರು ಮಾಡಿದೆ. ಕೋಕಿಲಾ ಚೀಲ ಕೆಳಗಿಟ್ಟು ಸೇರಿಕೊಂಡಳು. ಆಮೇಲೆ ಚೈತನ್ಯಾನೂ ಬಂದಳು.

ಅಷ್ಟರಲ್ಲಿ ಕೋಟು ಟೈ ಧರಿಸಿ ಆದಿತ್ಯ ಬಂದ. "ದೊರೆಗಳು ಯಾಕೆ ನಾಲ್ಕು ಕಾಲಲ್ಲಿದ್ದಾರೆ?" ಅಂದ. ವಿಷಯ ಹೇಳಿದೆ. ಕೋಟು ಬಿಚ್ಚಿಟ್ಟು ಅವನೂ ಬಗ್ಗಿದ.

"ಸಿಕ್ತು! ಒಟ್ಟಿಗೇ ಐದಾರು ಸಿಕ್ತು!" ಅಂತ ಕೂಗಿದ ಆದಿತ್ಯ.

ಎಲ್ಲರೂ ಓಡಿದೆವು. ಮೊಲದ ಹಿಕ್ಕೆ!

ಬೇಲಿಯಾಚೆ ಪಕ್ಕದ ಮನೆಯ ಮುದುಕ ಇಕ್ಕಳ ಹಿಡಿದು ಬಾರ್ಬೆಕ್ಯೂ ಮರೆತು ನಮ್ಮನ್ನೇ ನೋಡ್ತಿದ್ದ. ಚಪ್ಪರ ಹೋದ ಮೇಲೆ ವ್ಯೂ ಸಿಕ್ಕಿದ್ದು ಅವನಿಗೆ.

ಹುಲ್ಲನ್ನ ಬೆರಳಲ್ಲಿ ಬಾಚ್ತಾ ಬಾಚ್ತಾ ಆ ಹಳ್ಳಿ ನೆನಪಾಯ್ತು ನೋಡಿ. ಎತ್ತಿಸೋ ದಿನ ಅಲ್ಲೂ ಯಾವಳೋ ಒಬ್ಬಳು ಬೀಜಕ್ಕಂತ ಒಂದು ಕಾಯಿ ಬಿಟ್ಟಿರಬೇಕು. ಒಣಗೋವರೆಗೆ ತಡೀರಿ ಅಂತ ಕೇಳಿಕೊಂಡಿರಲೂಬಹುದು. ಅಷ್ಟೊಂದು ಬಂಗಲೆ ಸುತ್ತಿದರೂ ನನಗೆ ಇದು ಹೊಳೆದಿರಲಿಲ್ಲ. ನನಗೆ ನಾಚಿಕೆಯಾಯ್ತು.

ಬಿಸಿಲು ಇಳಿಯೋ ಹೊತ್ತಿಗೆ ಚೈತನ್ಯಾಳ ಅಂಗೈಯಲ್ಲಿ ಕೆಲವು ಕಪ್ಪು ಬೀಜ ಸೇರಿದ್ವು. ಅವುಗಳನ್ನ ದುಪಟ್ಟಾದ ತುದಿಗೆ ಗಂಟು ಹಾಕುವಾಗ ಅವಳ ಮುಖ ಸ್ವಲ್ಪ ಸಡಿಲಾಯ್ತು. ನನಗೂ ಹೋದ ಜೀವ ಬಂತು. ಎದ್ದು, ಮಂಡಿಯ ಮಣ್ಣು ಕೊಡವಿ, ಹುಲ್ಲಿನ ನಡುವೆ ನಿಂತು ಎರಡೂ ಕೈ ಚಾಚಿದೆ.

"ಚೈತನ್ಯಾ, ಮುಂದಿನ ವರ್ಷ ಇಡೀ ಎಸ್ಟೇಟು ನಿನ್ನದೇ! ಎಲ್ಲಿ ಬೇಕೋ ಅಲ್ಲಿ ಚಪ್ಪರ ಹಾಕು. ಏನು ಅಡ್ಡ ಇದೆ ಹೇಳು, ಈ ಕ್ಷಣ ಎತ್ತಿಸ್ತೀನಿ!"

ಅವಳು ನನ್ನನ್ನ ತಲೆಯಿಂದ ಪಾದದವರೆಗೆ ನೋಡಿದಳು.

"ಅಡ್ಡ ಏನೂ ಇಲ್ರಿ. ನೀವೊಬ್ರು ಸ್ವಲ್ಪ ಸರೀರಿ. ಬೀಜದ ಮ್ಯಾಲೆ ನಿಂತೀರಿ."