ವಾಕಿಟಾಕಿಯ ಪ್ರಾಣಪ್ರತಿಷ್ಠೆ

ಮಗಳ ನಿಶ್ಚಯದ ದಿನ ಅಪ್ಪನಾದವನಿಗೆ ಇರುವ ಕೆಲಸ ಒಂದೇ: ಗಂಭೀರವಾಗಿ ಕೂತಿರುವುದು. ಮಾತಾಡುವುದಕ್ಕೆ ಎರಡೂ ಕಡೆಯ ವಕ್ತಾರರಿರುತ್ತಾರೆ, ಬಂದವರ ನಡುವೆ ಗಂಡು ಯಾರೆಂದು ಹುಡುಕಿ ತೆಗೆಯುವುದಕ್ಕೆ ಸೋದರತ್ತೆ ಇರುತ್ತಾಳೆ, ಬೇಯಿಸುವುದಕ್ಕೆ ಹೆಂಗಸರಿರುತ್ತಾರೆ. ಕೂರುವುದೊಂದೇ ನನ್ನ ಪಾಲಿಗೆ ಬಂದದ್ದು. ಹೋದ ವರ್ಷ ಅದನ್ನೂ ನನಗೆ ನೆಟ್ಟಗೆ ಮಾಡಲಾಗಲಿಲ್ಲ.

ನನಗೆ ಅವಳಿ ಹೆಣ್ಣುಮಕ್ಕಳು. (ಅದಕ್ಕೇ ಊರಿಗೆಲ್ಲ ನಾನು ಸಲೊಂಗೊ, ಅಂದರೆ ಅವಳಿಗಳ ಅಪ್ಪ; ಹೆಂಡತಿ ನಲೊಂಗೊ, ಅವಳಿಗಳ ಅಮ್ಮ. ನಮ್ಮ ಸ್ವಂತ ಹೆಸರುಗಳು ಈಗ ಪಾದ್ರಿಯ ಪುಸ್ತಕದಲ್ಲಿ ಮಾತ್ರ ಇವೆ.) ದೊಡ್ಡವಳು ಬಬಿರ್ಯೆಯ ನಿಶ್ಚಯದ ದಿನ ಚಪ್ಪರ ಗುಡ್ಡದ ಮೇಲಿತ್ತು, ಅಡುಗೆ ಕೆಳಗೆ ಬಾಳೆತೋಟದ ಅಂಚಿನಲ್ಲಿತ್ತು. ಬೀಗರ ಕಡೆಯವರು ತಾವು ಬಂದದ್ದು ಯಾತಕ್ಕೆಂದು ಇನ್ನೂ ಬಾಯಿ ಬಿಟ್ಟಿರಲಿಲ್ಲ, ಅಷ್ಟರಲ್ಲೇ ಬಾಳೆಎಲೆಯಲ್ಲಿ ಬೆಂದ ಕೋಳಿಯನ್ನು ಹೊತ್ತ ಹೆಂಗಸರ ಸಾಲು ಮೇಲೆ ಬಂದುಬಿಟ್ಟಿತು. ನಾನು ಕೂತಲ್ಲಿಂದಲೇ ಕೈಬೀಸಿ ವಾಪಸ್ ಕಳಿಸಿದೆ. ಹಾಗೆ ಹೋದ ಊಟ ಮತ್ತೆ ಬರುವಷ್ಟರಲ್ಲಿ ಬೀಗರ ಕಡೆಯ ಹಿರಿಯರಿಬ್ಬರು ಗೊರಕೆ ಹೊಡೆಯುತ್ತಿದ್ದರು. ಈಗಲೂ ನಾನು ಮುಖದ ಮೇಲಿನ ನೊಣ ಓಡಿಸಿದರೆ ಸಾಕು, "ನೋಡ್ರಪ್ಪಾ, ಸಲೊಂಗೊ ಕೋಳಿ ವಾಪಸ್ ಕಳಿಸ್ತಿದಾರೆ" ಎಂದು ಊರು ನಗುತ್ತದೆ.

ಈಗ ಚಿಕ್ಕವಳು ನಕಾಟೊಳ ಸರದಿ. ಇನ್ನೊಂದು ಸಲ ನಗೆಪಾಟಲಾದರೆ ಈ ಗುಡ್ಡ ಬಿಟ್ಟು ಸರೋವರದ ದ್ವೀಪವೊಂದಕ್ಕೆ ಹೋಗಿ ಮೀನು ಒಣಗಿಸಿಕೊಂಡು ಬದುಕಬೇಕಾಗುತ್ತದೆ ಎಂದು ನನಗೆ ಖಾತ್ರಿಯಾಗಿತ್ತು. ನಮ್ಮ ಗುಡ್ಡಕ್ಕೆ ಟೆಲಿಫೋನಿನ ಕಂಬ ಬಂದಿಲ್ಲ. ಹಾಗಾಗಿ ಚಪ್ಪರದಿಂದಲೇ ಅಡುಗೆಯವರಿಗೆ ಊಟ ತರುವ ಹೊತ್ತು ಹೇಳಲು ನಾನು ಮಸಾಕಾ ಪೇಟೆಗೆ ಹೋಗಿ, ರಸ್ತೆ ಹಾಕುವ ಕಂಪನಿಯೊಂದು ಬಿಟ್ಟುಹೋದ ಸಾಮಾನಿನ ರಾಶಿಯಿಂದ ಒಂದು ಜೊತೆ ವಾಕಿಟಾಕಿ ಆರಿಸಿ ತಂದೆ. ಒಂದು ಚೆನ್ನಾಗಿ ಮಾತಾಡುತ್ತಿತ್ತು. ಇನ್ನೊಂದರ ಬ್ಯಾಟರಿ ಸತ್ತುಹೋಗಿತ್ತು.

"ಒಂದು ಬದುಕಿದೆ, ಒಂದು ಸತ್ತಿದೆ," ಎಂದಳು ನಲೊಂಗೊ, ಎರಡನ್ನೂ ತಿರುಗಿಸಿ ನೋಡಿ. "ಬದುಕಿರೋದು ಯಾರ ಹತ್ರ ಮಾತಾಡುತ್ತೆ?"

"ಸತ್ತಿದ್ದನ್ನ ನಾನು ಬದುಕಿಸ್ತೀನಿ."

"ಹೌದೌದು. ಹೋದ ತಿಂಗಳು ಗಡಿಯಾರ ಬದುಕಿಸಿದ್ರಲ್ಲ, ಪಾಪ, ಇದ್ದ ಒಂದು ಮುಳ್ಳೂ ಹೋಯ್ತು."

(ಗಡಿಯಾರದ ವಿಷಯ ಬೇರೆ. ಅದರಲ್ಲಿ ಜಿರಳೆ ಇತ್ತು.)

ಮರುದಿನದಿಂದ ನನ್ನ ಸಂಶೋಧನೆ ಶುರುವಾಯಿತು. ಬ್ಯಾಟರಿಯ ಹೊಟ್ಟೆ ಬಗೆದು ಒಳಗಿನ ಸೆಲ್ಲುಗಳನ್ನು ತೆಗೆದು, ಟಾರ್ಚಿನ ಸೆಲ್ಲನ್ನು ಎಲ್ಲರೂ ಮಾಡುವ ಹಾಗೆ, ಕಾಫಿ ಬೀಜ ಹರವಿದ ಚಾಪೆಯ ಮೂಲೆಯಲ್ಲಿ ಬಿಸಿಲಿಗಿಟ್ಟೆ. ಎರಡು ದಿನ ಒಣಗಿದವು. ಕಾಫಿಯಾದರೂ ಒಣಗಿತು, ಸೆಲ್ಲಿಗೆ ಜೀವ ಬರಲಿಲ್ಲ. ಆಮೇಲೆ ಹೊಸ ಟಾರ್ಚ್ ಸೆಲ್ಲು ಆರು ತಂದು, ಸೀಳಿದ ಬಿದಿರಿನಲ್ಲಿ ಸಾಲಾಗಿ ಮಲಗಿಸಿ, ಹಳೇ ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು, ತಂತಿ ಎಳೆದು ಜೋಡಿಸಿದೆ. ವಾಕಿಟಾಕಿ ಒಮ್ಮೆ ಬಿಕ್ಕಿತು. ನಾನು "ನಲೊಂಗೊ!" ಎಂದು ಕಿರುಚಿದೆ. ಅದು ಮತ್ತೆ ಸತ್ತಿತು.

"ಏನು, ಹೆಸರು ಕೇಳೇ ಹೆದರಿತಾ?" ಎಂದು ತೋಟದಿಂದ ಕೂಗಿದಳು. ತಂತಿಯೂ ಬೇಡ, ಬ್ಯಾಟರಿಯೂ ಬೇಡ, ಆ ಕೂಗು ಮೂರು ಮನೆಗೆ ಕೇಳಿತು.

ಕೊನೆಗೆ ಬಿದಿರಿನ ಸಮೇತ ಅದನ್ನು ಅಂಗಿಯೊಳಗಿಟ್ಟುಕೊಂಡು ಕೆಳಗಿನ ಕೂಡುರಸ್ತೆಯ ರೇಡಿಯೋ ರಿಪೇರಿ ಅಂಗಡಿಗೆ ಹೋದೆ. ಅಲ್ಲಿ ಒಬ್ಬ ತರುಣ ಕೂತಿದ್ದ. ನನ್ನನ್ನು ಕಂಡವನೇ ಎದ್ದು ನಿಂತ, ಕುರ್ಚಿ ಕೊಟ್ಟ, ನೆಲ ನೋಡುತ್ತಲೇ ಮಾತಾಡಿದ. ಈಗಿನ ಕಾಲದಲ್ಲಿ ಇಷ್ಟು ವಿನಯ ಎಲ್ಲಿದೆ! ನನಗೆ ಯಾಕೋ ತುಂಬಾ ಹಿಡಿಸಿದ.

"ಯಜಮಾನ್ರೇ, ತಂತಿ ಹಿಂದುಮುಂದಾಗಿದೆ, ಅಷ್ಟೇ," ಎಂದ. ಅರ್ಧ ಗಂಟೆಯಲ್ಲಿ ಬೆಸುಗೆ ಹಾಕಿ ಕೊಟ್ಟ. ದುಡ್ಡು ಕೊಡಹೋದರೆ ಹಾವು ಕಂಡವನ ಹಾಗೆ ಹಿಂದೆ ಸರಿದ.

ಮನೆಯಲ್ಲಿದ್ದ ವಾಕಿಟಾಕಿಯನ್ನು ನಲೊಂಗೊ ಮಧ್ಯಾಹ್ನದಿಂದ ಹಿಡಿದುಕೊಂಡು ಕೂತಿರಬೇಕೆಂದು ಹೇಳಿ ಬಂದಿದ್ದೆ. ಗುಂಡಿ ಒತ್ತಿ, "ನಲೊಂಗೊ, ಕೇಳಿಸ್ತಾ ಇದೆಯಾ?" ಎಂದೆ.

"ಕೇಳಿಸ್ತಾ ಇದೆ! ಎಲ್ಲಿಂದ ಮಾತಾಡ್ತಿದೀರಿ? ಆಹಾ, ಪಕ್ಕದಲ್ಲೇ ಕೂತ ಹಾಗಿದೆ! ಆದ್ರೆ ವಾಸನೆ ಇಲ್ಲ."

ಇದು ಹೊಗಳಿಕೆಯೋ ಬೈಗುಳವೋ ತಿಳಿಯಲಿಲ್ಲ. ಅವಳು ಆಗಲೇ ಮುಂದಕ್ಕೆ ಹೋಗಿದ್ದಳು. ಆ ಯಂತ್ರದ ಕ್ರಮವೇನೆಂದರೆ, ಅವಳು ಗುಂಡಿ ಒತ್ತಿರುವಷ್ಟು ಹೊತ್ತೂ ನಾನು ಮಾತಾಡುವ ಹಾಗಿಲ್ಲ. ಅವಳು ಗುಂಡಿ ಬಿಡುವ ಲಕ್ಷಣ ಕಾಣಲಿಲ್ಲ. ಅದೇ ಹೊತ್ತಿಗೆ ಅಂಗಡಿಯ ಹಿಂದೆ ಯಾರೋ ಬಾಳೆಹಣ್ಣಿನ ಬಿಯರಿನ ಹೊಸ ಬುರುಡೆ ತೆರೆದ ಸದ್ದಾಯಿತು, ನನ್ನ ಹೆಸರನ್ನೂ ಕೂಗಿದರು.

"ತಮ್ಮಾ, ಇದನ್ನ ಸ್ವಲ್ಪ ಹಿಡ್ಕೊ," ಎಂದೆ. "ಎಷ್ಟು ಹೊತ್ತು ಬಾಳುತ್ತೆ ನೋಡೋಣ. ಅವಳು ನಡುವೆ ನಿಲ್ಸಿದಾಗೆಲ್ಲ ಗುಂಡಿ ಒತ್ತಿ 'ಹ್ಞೂಂ' ಅನ್ನು, ಸಾಕು. ಇಪ್ಪತ್ತೆರಡು ವರ್ಷದಿಂದ ನಾನೂ ಅಷ್ಟೇ ಮಾಡ್ತಿರೋದು."

"ಯಜಮಾನ್ರೇ, ನಾನು... ನಾನು ಅವರ ಜೊತೆ ಮಾತಾಡಬಾರದು..."

"ಮಾತಾಡು ಅಂದವರ್ಯಾರು? ಹ್ಞೂಂ ಅನ್ನೋದು ಮಾತಾ?"

ಒಂದು ಬುರುಡೆ ಎರಡಾಯಿತು. ಹಿಂತಿರುಗಿದಾಗ ಹುಡುಗ ಬೆವರಿನಲ್ಲಿ ತೊಯ್ದು ಹೋಗಿದ್ದ. ವಾಕಿಟಾಕಿಯನ್ನು ಎರಡೂ ಕೈಯಲ್ಲಿ, ತುಂಬಿದ ಮಡಕೆ ಹಿಡಿದ ಹಾಗೆ, ಮುಂದಕ್ಕೆ ಹಿಡಿದಿದ್ದ.

"ಕೆಲಸ ಮಾಡ್ತಾ ಇದೆಯಾ?"

"ತುಂಬಾ ಸ್ಪಷ್ಟವಾಗಿ ಯಜಮಾನ್ರೇ," ಎಂದ, ನೆಲ ನೋಡಿಕೊಂಡು. "ಎಲ್ಲಾ ಸ್ಪಷ್ಟವಾಗಿ."

ಮನೆಗೆ ಬಂದರೆ ತಟ್ಟೆಯಲ್ಲಿ ಮೀನಿನ ತುಂಡು ಒಂದಲ್ಲ, ಎರಡು! ನಲೊಂಗೊಳ ಮುಖ ಹೊಸ ಮದುವಣಗಿತ್ತಿಯದ್ದಾಗಿತ್ತು.

"ರೀ, ಇವತ್ತು ನೀವು ಎಷ್ಟು ಚೆನ್ನಾಗಿ ಕೇಳಿಸ್ಕೊಂಡ್ರಿ! ಒಂದು ಸಲಾನೂ ಅಡ್ಡಬಾಯಿ ಹಾಕಲಿಲ್ಲ. ಎಷ್ಟು ಮೆತ್ತಗೆ ಹ್ಞೂಂ ಅಂದ್ರಿ! ನನಗೆ ಅಳೂನೇ ಬಂತು. ಹೇಳಿದ್ದೆಲ್ಲ ನೆನಪಿದೆ ತಾನೇ?"

ಏನು ಹೇಳಿದ್ದಳೆಂದು ನನಗೆ ಗೊತ್ತಿರಲಿಲ್ಲ. ಕೇಳಿದರೆ ಎರಡನೆಯ ತುಂಡು ವಾಪಸ್ ಹೋಗುವ ಸಂಭವವಿತ್ತು.

"ಒಂದಕ್ಷರ ಬಿಡದೆ," ಎಂದೆ.

ನಿಶ್ಚಯದ ಶನಿವಾರ ಬಂತು. ಕಾಂಜು ಎನ್ನುವ ಬಿಳಿ ನಿಲುವಂಗಿ ತೊಟ್ಟು, ಮೇಲೆ ಕೋಟು ಹಾಕಿ, ಕೋಟಿನೊಳಗೆ ಬಿದಿರಿನ ಸಮೇತ ವಾಕಿಟಾಕಿ ಸಿಕ್ಕಿಸಿಕೊಂಡು ನಾನು ಗಂಭೀರವಾಗಿ ಕೂತೆ. (ಬಿದಿರಿನ ದೆಸೆಯಿಂದ ಬೇರೆ ಥರ ಕೂರುವುದಕ್ಕೆ ಸಾಧ್ಯವೂ ಇರಲಿಲ್ಲ.) ನಲೊಂಗೊ ತನ್ನ ವಾಕಿಟಾಕಿಯನ್ನು ಅಡುಗೆಯವರ ಕೈಗೆ ಕೊಟ್ಟು, ಹೆಂಗಸರ ಹಬ್ಬದ ಉಡುಗೆ ಗೋಮೆಸಿ ಉಟ್ಟು ಚಾಪೆಗೆ ಬಂದಳು. ವಕ್ತಾರರು ಬೇಕಾದಷ್ಟು ಕಿತ್ತಾಡಿದರು. ಆಮೇಲೆ ನನ್ನ ಅಕ್ಕ, ಅಂದರೆ ಹುಡುಗಿಯ ಸೋದರತ್ತೆ, ನಾವೆಲ್ಲ ಸೆಂಗಾ ಎನ್ನುವವಳು, ಗಂಡಿನ ಸಾಲಿನ ನಡುವೆ ನುಸುಳಿ ಒಬ್ಬನ ಎದೆಗೆ ಹೂವು ಸಿಕ್ಕಿಸಿ ಎಬ್ಬಿಸಿದಳು. ಹಿರಿಯರ ಪೈಕಿ ಅಲ್ಲಿವರೆಗೆ ಗಂಡು ಯಾರೆಂದು ಬಲ್ಲವಳು ಅವಳೊಬ್ಬಳೇ. ನಮಗೆ ಲುಬ್ವಾಮಾ ಎಂಬ ಹೆಸರು ಮಾತ್ರ ತಿಳಿದಿತ್ತು.

ಎದ್ದು ನಿಂತವನು ರೇಡಿಯೋ ಅಂಗಡಿಯ ತರುಣ.

ಅದಕ್ಕೇ ದುಡ್ಡು ಬೇಡವೆಂದದ್ದು! ನನಗೆ ಬಹಳ ಸಂತೋಷವಾಯಿತು. ಆ ಸಂತೋಷ ಉಡುಗೊರೆಯ ಬುಟ್ಟಿಗಳು ಬರುವವರೆಗೆ ಇತ್ತು.

"ತಾಯಿಗೆ ಗೋಮೆಸಿ!" ಎಂದು ಬೀಗರ ವಕ್ತಾರ ಪಟ್ಟಿ ಹಿಡಿದು ಸಾರಿದ. ಸರಿ. "ತಾಯಿಗೆ ಗಾಜು ಒಡೆಯದ ಲಾಂದ್ರ!" ಇದೇನು? "ಕೂತರೆ ಮುರಿಯದ ಕುರ್ಚಿ! ಮುಚ್ಚಳ ಕಳೆಯದ ಪಾತ್ರೆ!" ನನ್ನ ತಲೆ ಕೆಟ್ಟುಹೋಯಿತು. ನಮ್ಮ ಮನೆಯ ಲಾಂದ್ರದ ಗಾಜು ಒಡೆದದ್ದು, ಕುರ್ಚಿ ಮುರಿದದ್ದು ಇವರಿಗೆ ಯಾರು ಹೇಳಿದರು? "ತಾಯಿಯ ಕಿವಿಗೆ ಇಟ್ಟುಕೊಳ್ಳಲು ಒಂದು ಕಟ್ಟು ಹತ್ತಿ, ಗೊರಕೆ ಕೇಳದಿರಲಿ ಅಂತ!" ಹೆಂಗಸರ ಚಾಪೆಯಲ್ಲಿ ಪಿಸಪಿಸ ಶುರುವಾಯಿತು. ನಲೊಂಗೊ ನನ್ನ ಕಡೆ ಎಂಥ ಪ್ರೀತಿಯಿಂದ ನೋಡಿದಳೆಂದರೆ, ನಾನೇ ಬೀಗರಿಗೆ ಹೇಳಿ ತರಿಸಿದೆನೆಂದು ತಿಳಿದಿದ್ದಾಳೆ ಎಂಬುದು ಸ್ಪಷ್ಟವಾಗಿತ್ತು.

"ಇನ್ನು ತಂದೆಗೆ," ಎಂದ ವಕ್ತಾರ. "ಒಂದು ಕಾಂಜು. ಒಂದು ಕೋಟು. ಒಂದು ಬೋಗುಣಿ, ಒಂದು ಒರಟುಕಲ್ಲು, ಒಂದು ಬ್ರಷ್ಷು, ನಾಲ್ಕು ಸೋಪು, ವಾಸನೆಗೆ ಹಾಕುವ ಪುಡಿ ಒಂದು ಡಬ್ಬಿ." ಅವನೇ ಪಟ್ಟಿಯನ್ನು ಇನ್ನೊಮ್ಮೆ ನೋಡಿದ. "ಎಲ್ಲವೂ... ಪಾದಗಳಿಗಂತೆ."

ಚಪ್ಪರದ ಮುನ್ನೂರು ಜನ ಒಟ್ಟಿಗೆ ನನ್ನ ಪಾದ ನೋಡಿದರು. ನಾನೂ ನೋಡಿದೆ. ಅಡಗಿಸಲು ಎಲ್ಲೂ ಜಾಗವಿರಲಿಲ್ಲ. ಆ ನಗು ನಮ್ಮ ಗುಡ್ಡದಿಂದ ಇಳಿದು ಎದುರಿನ ಗುಡ್ಡ ಹತ್ತಿತು. ನಾನು ಗುಂಡಿ ಒತ್ತಿ "ಊಟ" ಎಂದೆ. ಊಟವೇನೋ ಸರಿಯಾದ ಹೊತ್ತಿಗೆ, ಬಿಸಿಬಿಸಿಯಾಗಿ ಬಂತು. ಯಾರೂ ಅದನ್ನು ಗಮನಿಸಲಿಲ್ಲ.

ಬೀಗರು ಹೋದ ಮೇಲೆ, ಆ ದಿನ ಹ್ಞೂಂ ಅಂದವನು ಅಳಿಯನೇ ಎಂದು ನಾನು ಒಪ್ಪಿಕೊಳ್ಳಬೇಕಾಯಿತು. ನಲೊಂಗೊ ತಲೆಯ ಮೇಲೆ ಕೈ ಹೊತ್ತಳು.

"ಅಯ್ಯೋ, ಅಳಿಯನ ಎದುರಿಗೆ ಹೋಗಬಾರದು, ಅವನ ಕೈ ಸೋಕಬಾರದು ಅಂತಾರೆ. ನಾನು ಅವನ ಕಿವಿಯೊಳಗೇ ಕೂತು ಒಂದು ಗಂಟೆ ಮಾತಾಡಿಬಿಟ್ನಲ್ಲಾ! ನಂಗೆ ನಡುಕದ ರೋಗ ಬರುತ್ತೆ! ಎಲ್ಲಾ ಇವರಿಂದ!"

ಸೆಂಗಾ ಹೊಸ ಕುರ್ಚಿಯಲ್ಲಿ ಕೂತು ವಿಚಾರಣೆ ನಡೆಸಿದಳು.

"ಅವನ ಮುಖ ನೋಡಿದ್ಯಾ?"

"ಇಲ್ಲ."

"ಕೈ ಸೋಕ್ತಾ?"

"ನಡುವೆ ಒಂದು ಗುಡ್ಡ ಇತ್ತು."

"ಹಾಗಾದ್ರೆ ದೋಷ ಇಲ್ಲ. ಇಷ್ಟು ಮರ್ಯಾದೆಯಾಗಿ ಅತ್ತೆ ಅಳಿಯ ಮಾತಾಡೋಕೆ ಇದಕ್ಕಿಂತ ಒಳ್ಳೇ ದಾರಿ ಇನ್ನೊಂದಿಲ್ಲ."

ನಲೊಂಗೊ ಕಣ್ಣೊರೆಸಿಕೊಂಡಳು. "ಇವರ ಮುಖಕ್ಕೇ ಇಪ್ಪತ್ತೆರಡು ವರ್ಷ ಹೇಳಿದೆ, ಒಂದು ಲಾಂದ್ರದ ಗಾಜು ಬರಲಿಲ್ಲ," ಎಂದಳು. "ಆ ಮಗು ಒಂದೇ ಸಲ ಕೇಳಿಸ್ಕೊಂಡ."

ನನಗೆ ನಿಜವಾಗಿಯೂ ಎದೆ ಚುಚ್ಚಿತು. ಹೊಸ ಬೋಗುಣಿಯನ್ನು ಹತ್ತಿರ ಎಳೆದುಕೊಂಡೆ.

ಮರುದಿನ ನೋಡಿದರೆ ನಾನು ಬದುಕಿಸಿದ ವಾಕಿಟಾಕಿ ಗೂಡಿನಲ್ಲಿಲ್ಲ. ಸೆಂಗಾ ಅದನ್ನು ಬಿದಿರಿನ ಸಮೇತ ರೇಡಿಯೋ ಅಂಗಡಿಗೆ ಒಯ್ದು ಕೊಟ್ಟಿದ್ದಳು. ಈಗ ದಿನಾ ಮಧ್ಯಾಹ್ನ ನಲೊಂಗೊ ಇನ್ನೊಂದನ್ನು ಹಿಡಿದು ತೋಟದ ಅಂಚಿಗೆ ಹೋಗುತ್ತಾಳೆ. ನಾನು ಹತ್ತಿರ ಸುಳಿದರೆ ದನಿ ತಗ್ಗಿಸುತ್ತಾಳೆ.

ಮದುವೆಗೆ ಇನ್ನೂ ಒಂದು ತಿಂಗಳಿದೆ. ಅಳಿಯ ಈಗ ಪೆನ್ಸಿಲ್ಲು, ಪುಸ್ತಕ ಇಟ್ಟುಕೊಂಡೇ ಹ್ಞೂಂ ಅನ್ನುತ್ತಾನಂತೆ.