ಸರದಿಗೆ ನಿಂತ ಕಾಯಿಗಳು

ನಾಡಕಚೇರಿಯ ಜಗಲಿಯಲ್ಲಿ ಭಾಗ್ಯಳ ಕಾಲ್ಬೆರಳಿಗೆ ತೆಂಗಿನಕಾಯಿಯೊಂದು ತಗುಲದೇ ಹೋಗಿದ್ದರೆ ಸರ್ಕಾರ ಸರ್ಕಾರದ ಪಾಡಿಗೆ ಇರುತ್ತಿತ್ತು, ಅವಳು ಅವಳ ಪಾಡಿಗೆ. ಅಮ್ಮನ ರೇಷನ್ ಕಾರ್ಡಿಗಾಗಿ ಹೋದವಳು ಕಾಯಿ ಎಡವಿದಳು. ಅದು ಉರುಳಿ ಇನ್ನೊಂದಕ್ಕೆ ಬಡಿಯಿತು, ಅದು ಮತ್ತೊಂದಕ್ಕೆ. ಹುಣಸೆಮರದ ನೆರಳಿನಿಂದ ಹತ್ತಾರು ದನಿ ಒಟ್ಟಿಗೆ ಎದ್ದವು.

"ಯಾರವ್ವ ಅದು, ಸಾಲು ಕೆಡಿಸಿದ್ದು?"

ಆ ಹೋಬಳಿಯಲ್ಲಿ ಕಚೇರಿಯ ಮುಂದೆ ಜನ ಸಾಲು ನಿಲ್ಲುವುದಿಲ್ಲ, ಕಾಯಿ ನಿಲ್ಲುತ್ತದೆ. ಮನೆಯಿಂದ ತಂದ ಜುಟ್ಟಿನ ಕಾಯಿಯನ್ನು ತಮ್ಮ ಸರದಿಗೆ ಇಟ್ಟು ಜನ ಟೀ ಕುಡಿಯಲೋ, ಮರದಡಿ ಊರವರ ಸಂಸಾರ ಸರಿಮಾಡಲೋ ಹೋಗುತ್ತಾರೆ. ಕಾಯಿ ಬಾಗಿಲಿಗೆ ಬಂದಾಗ ಒಡೆಯನೂ ಬರುತ್ತಾನೆ. ಕೆಲಸ ಮುಗಿದ ಮೇಲೆ ಕಾಯಿ ಮನೆಗೆ ಹೋಗಿ ಚಟ್ನಿಯಾಗುತ್ತದೆ.

ಅಂದು ಎಲ್ಲರ ಕಣ್ಣೂ ತನ್ನ ಮೇಲೆ ಬಿದ್ದದ್ದೇ ಭಾಗ್ಯಳಿಗೆ ಜ್ವರ ಬಂದಂತಾಯಿತು. ಅವಳು ಬಿ.ಎಸ್ಸಿ. ಓದಿ, ಕಂಪ್ಯೂಟರ್ ಕಲಿತು, ತಿಪಟೂರಿನ ಕೊಬ್ಬರಿ ಮಂಡಿಯೊಂದಕ್ಕೆ ಲೆಕ್ಕದ ಪ್ರೋಗ್ರಾಮ್ ಬರೆದುಕೊಟ್ಟವಳು. ಯಂತ್ರದ ಜೊತೆ ದಿನವಿಡೀ ಇರಬಲ್ಲಳು. ಮನುಷ್ಯರು ಎದುರು ಬಂದರೆ ಮಾತ್ರ ಅವಳ ದನಿ ಬಾವಿಗೆ ಬಿದ್ದ ಕೊಡದಂತೆ ಗಂಟಲಲ್ಲೇ ಮುಳುಗಿಬಿಡುತ್ತಿತ್ತು. ಅವಳಿಗೆ ಜಗತ್ತಿನಲ್ಲಿ ಬೇಕಾಗಿದ್ದದ್ದು ಒಂದೇ: ಚಿಕ್ಕನಾಯಕನಹಳ್ಳಿಯ ತಾಲ್ಲೂಕು ಕಚೇರಿಯ ಕಂಪ್ಯೂಟರ್ ಕೋಣೆಯಲ್ಲಿ ಒಂದು ಕುರ್ಚಿ. ಆ ಕೋಣೆಗೆ ಗಾಜಿನ ಬಾಗಿಲು, ದಪ್ಪ ಪರದೆ, ಹೊರಗೆ 'ಅನುಮತಿಯಿಲ್ಲದೆ ಪ್ರವೇಶವಿಲ್ಲ' ಎಂಬ ಬೋರ್ಡು. ಆ ಬೋರ್ಡನ್ನು ಮೊದಲು ಓದಿದ ದಿನ ಅವಳ ಕಣ್ಣು ತುಂಬಿ ಬಂದಿತ್ತು.

ಅದಕ್ಕೇ ಅವಳು ಉಪತಹಸೀಲ್ದಾರ್ ಏಕಾಂತಯ್ಯನವರಿಗೆ ಒಂದು ಪತ್ರ ಬರೆದಳು, ಎದುರು ಹೋಗಿ ಹೇಳಲಾರದೆ. ಸಂಬಳವಿಲ್ಲದೆ, ಸೇವೆಯೆಂದು, ಸರದಿ ನೋಡಿಕೊಳ್ಳುವ ಕಂಪ್ಯೂಟರ್ ಪ್ರೋಗ್ರಾಮ್ ಮಾಡಿಕೊಡುತ್ತೇನೆ, ಆ ಕೋಣೆಯ ಕೆಲಸಕ್ಕೆ ನನ್ನನ್ನು ಪರಿಗಣಿಸಿ ಎಂದು. ಏಕಾಂತಯ್ಯನವರು ಕರೆಸಿ, "ತಹಸೀಲ್ದಾರ್ ಸಾಹೇಬ್ರು ನೋಡಿ ಮೆಚ್ಚಿದ್ರೆ ಆ ಕಂಪ್ಯೂಟರ್ ಕೋಣೆಗೆ ನಿನ್ನ ಹೆಸರೇ ಹೇಳ್ತೀನಿ ಕಣಮ್ಮ. ಸೋಮವಾರ ಮಧ್ಯಾಹ್ನ ಬರ್ತಾರೆ" ಎಂದರು.

ಸೋಮವಾರ ಬೆಳಿಗ್ಗೆ ಭಾಗ್ಯ ತನ್ನ ಕಂಪ್ಯೂಟರನ್ನು ಹಳೇ ಜಮಖಾನದಲ್ಲಿ ಸುತ್ತಿ ಲಗೇಜ್ ಆಟೋದಲ್ಲಿ ತಂದಳು. ಪಕ್ಕದ ಮನೆಯ ಶಿವರುದ್ರಮ್ಮಜ್ಜಿ ಕರೆಯದೇ ಜೊತೆಗೆ ಹತ್ತಿದ್ದಳು.

"ಸಂಬಳ ಇಲ್ದೆ ಯಾರಾದ್ರೂ ದುಡೀತಾರೇನೇ? ಕಚೇರೀಲಿ ಯಾವ್ದೋ ಹುಡುಗ ಅವ್ನೆ, ಅಲ್ವಾ?"

"ಇಲ್ಲಜ್ಜಿ" ಎಂದಳು ಭಾಗ್ಯ.

"ಬುಡು, ನಾನೇ ನೋಡ್ಕಂಡು ಬತ್ತೀನಿ."

ಅಜ್ಜಿ ನೋಡಿದಳು. ಅಲ್ಲಿದ್ದದ್ದು ಅಟೆಂಡರ್ ಸಣ್ಣತಿಮ್ಮಯ್ಯ ಒಬ್ಬನೇ; ಅವನಿಗೆ ಮೊಮ್ಮಕ್ಕಳಿದ್ದರು. ನಿರಾಸೆಯಾದರೂ ಬಂದದ್ದಕ್ಕೆ ಪಿಂಚಣಿ ವಿಚಾರಿಸಿಕೊಂಡು ಹೋಗೋಣವೆಂದು ಅಜ್ಜಿ ಮಡಿಲಿನಿಂದ ಒಂದು ಕಾಯಿ ತೆಗೆದಳು.

"ಇವತ್ತಿಂದ ಕಾಯಿ ಬೇಡ ಕಣಜ್ಜಿ" ಎಂದ ಸಣ್ಣತಿಮ್ಮಯ್ಯ. "ಈ ಹುಡ್ಗಿ ಚೀಟಿ ಕೊಡ್ತದೆ. ಆ ಟೀವೀಲಿ ನಿನ್ನ ನಂಬರ್ ಬತ್ತದೆ. ಯಾರೂ ಮಾತಾಡಂಗೇ ಇಲ್ಲ."

ಕೊನೆಯ ಮಾತು ಭಾಗ್ಯಳ ಕಿವಿಗೆ ಜೇನಿನಂತೆ ಇಳಿಯಿತು. ಆಗಲೇ ಇಟ್ಟಿದ್ದ ಕಾಯಿಗಳನ್ನೆಲ್ಲ ಸಣ್ಣತಿಮ್ಮಯ್ಯ ಅವಳ ಸನ್ನೆಯಂತೆ ಬುಟ್ಟಿಯಲ್ಲಿ ಹೊತ್ತು ರಸ್ತೆ ಬದಿಯ ಬೇಲಿಯ ಹತ್ತಿರ ರಾಶಿ ಹಾಕಿದ. ಅವಳು ಹೆಸರು ಒತ್ತಿದಳು, ಚೀಟಿ ಮುದ್ರಿಸಿದಳು, ಕತ್ತೆತ್ತದೆ ಕೊಟ್ಟಳು. ಕೆಲಸ ಬೆಣ್ಣೆಯಂತೆ ಸಾಗಿತು.

ಚೀಟಿಯೇನೋ ಜನರ ಕೈಗೆ ಬಂತು. ಆದರೆ ಸರದಿ ಎಂದರೆ ಏನಾದರೊಂದನ್ನು ಜಗಲಿಯಲ್ಲಿ ಬಿಟ್ಟುಹೋಗುವುದು ಎಂದೇ ತಿಳಿದಿದ್ದ ಜನ. ಅವರು ಚೀಟಿಗಳನ್ನು ಜಗಲಿಯ ಮೇಲೆ ಒಂದರ ಹಿಂದೆ ಒಂದು ನೀಟಾಗಿ ಜೋಡಿಸಿ, ಮೇಲೊಂದೊಂದು ಬೆಣಚುಕಲ್ಲು ಇಟ್ಟು, ಟೀಗೆ ಹೋದರು.

ಹುಳಿಯಾರಿನ ಸಂತೆಗೆ ಹೋತ ಹೊಡೆದುಕೊಂಡು ಹೊರಟಿದ್ದ ಹಟ್ಟಿಯ ಕ್ಯಾತಣ್ಣ, ದಾರಿಯಲ್ಲೇ ಜಾತಿ ಸರ್ಟಿಫಿಕೇಟ್ ಕೇಳಿಹೋಗೋಣ ಎಂದು ಬೆಳಿಗ್ಗೆಯೇ ಒಂದು ಕಾಯಿ ಇಟ್ಟು ಹೋತವನ್ನು ಜಗಲಿಯ ಕಂಬಕ್ಕೆ ಕಟ್ಟಿದ್ದ. ಹಗ್ಗ ಉದ್ದವಿತ್ತು. ಹೋತ ಕಲ್ಲುಗಳನ್ನು ಮೂತಿಯಿಂದ ತಳ್ಳುತ್ತ ಮೊದಲ ಚೀಟಿಯಿಂದ ಶುರುಮಾಡಿ ಕೊನೆಯದರವರೆಗೆ, ಸರದಿ ತಪ್ಪಿಸದೆ ತಿಂದಿತು.

"ಕ್ಯಾತಣ್ಣ, ನಿನ್ನ ಹೋತ ನಮ್ಮೆಲ್ಲರ ನಂಬರ್ ತಿಂದದೆ" ಎಂದಳು ಟೀ ಕುಡಿದು ಬಂದ ಶಿವರುದ್ರಮ್ಮ.

"ತಿಂದದ್ದು ತಿಂದೈತೆ. ನಂದೂ ತಿಂದೈತೆ ತಾನೆ? ನಾನೇನಾರ ಅಂದ್ನಾ?"

ಎಲ್ಲರೂ ಕಿಟಕಿಗೆ ಮುತ್ತಿದರು. ಭಾಗ್ಯ ಏನೋ ಹೇಳಿದಳು. ಅದು ಸಣ್ಣತಿಮ್ಮಯ್ಯನಿಗೆ ಮಾತ್ರ ಕೇಳಿಸಿತು. ದೇವರು ಮೈಮೇಲೆ ಬಂದವರ ಮಾತನ್ನು ಪೂಜಾರಿ ಬಿಡಿಸಿ ಹೇಳುವಂತೆ ಅವನು ಜನರ ಕಡೆ ತಿರುಗಿ ಗಟ್ಟಿಯಾಗಿ ಹೇಳಿದ: "ಹೆಸ್ರೆಲ್ಲ ಕಂಪ್ಯೂಟರ್ ಒಳಗವೆಯಂತೆ. ಹೋತ ಅಲ್ಲ, ಅದರ ಅಪ್ಪ ಬಂದ್ರೂ ತಿನ್ನಾಕಾಗಲ್ವಂತೆ."

ಅಪ್ಪನ ವಿಷಯ ಅವಳು ಹೇಳಿರಲಿಲ್ಲ. ಆದರೆ ಜನಕ್ಕೆ ಸಮಾಧಾನವಾಯಿತು. ಆ ಸಮಾಧಾನ ಪೂರ್ತಿ ಹರಡುವಷ್ಟರಲ್ಲಿ ಕರೆಂಟು ಹೋಯಿತು.

ಯುಪಿಎಸ್ ಕೀಂ ಕೀಂ ಎಂದಿತು. ಹೋತ ಕಿವಿ ನಿಮಿರಿಸಿ ಬ್ಯಾ ಎಂದು ಉತ್ತರ ಕೊಟ್ಟಿತು. ಸಾಮಾನ್ಯವಾಗಿ ಆ ಬ್ಯಾಟರಿ ಡಬ್ಬಿ ಕಂಪ್ಯೂಟರನ್ನು ಸ್ವಲ್ಪ ಹೊತ್ತು ಕಾಪಾಡುತ್ತಿತ್ತು. ಆದರೆ ಸಣ್ಣತಿಮ್ಮಯ್ಯ ಅದರ ಹಿಂದೆ ಖಾಲಿ ತೂತು ಕಂಡು ಸಾಹೇಬರ ಟೇಬಲ್ ಫ್ಯಾನಿನ ವೈರನ್ನೂ ಸಿಕ್ಕಿಸಿದ್ದ. ಫ್ಯಾನು ಎರಡು ಸುತ್ತು ಹೆಚ್ಚಾಗಿ ತಿರುಗಿತು, ಪರದೆ ಕಪ್ಪಾಯಿತು.

"ಈಗ?" ಎಂದ ಕ್ಯಾತಣ್ಣ.

ಭಾಗ್ಯ ಸೋತು, ಬೇಲಿಯ ಕಡೆ ಬೆರಳು ತೋರಿಸಿದಳು. "ಕಾಯೇ ಇಡ್ರಿ ಅಂತೈತೆ" ಎಂದು ಸಣ್ಣತಿಮ್ಮಯ್ಯ ಬಿಡಿಸಿ ಹೇಳಿದ.

ಎಲ್ಲರೂ ಬೇಲಿಯತ್ತ ತಿರುಗಿದರು. ಅಲ್ಲಿ ನಾಲ್ಕು ಎಳೆ ನಾರು ಬಿದ್ದಿದ್ದವು, ಟ್ರ್ಯಾಕ್ಟರ್ ಚಕ್ರದ ಗುರುತು ಇತ್ತು. ರಸ್ತೆ ಬದಿಯ ರಾಶಿಗಳನ್ನು ತುಂಬಿಕೊಂಡು ಹೋಗುವ ವ್ಯಾಪಾರಿಗಳ ಟ್ರ್ಯಾಕ್ಟರ್ ಬಂದು ಹೋಗಿತ್ತು.

"ಈರೇಶನ ಗಾಡಿ. ಕಿಬ್ಬನಹಳ್ಳಿ ಕಡೀಕೆ ಹೋಯ್ತು, ನಾನೇ ನೋಡ್ದೆ" ಎಂದಳು ಶಿವರುದ್ರಮ್ಮ. "ನಮ್ಮ ಕ್ಯೂ ಅದರಾಗೈತೆ ಅಂತ ನನಗೇನ್ ಗೊತ್ತು?"

ಈಗ ಗಲಾಟೆ ಶುರುವಾಯಿತು. ಎಲ್ಲರೂ ಮೊದಲು ಬಂದವರೇ. ಏಕಾಂತಯ್ಯನವರು ಬೆವರೊರೆಸಿಕೊಳ್ಳುತ್ತ ಹೊರಬಂದು, "ಏನಮ್ಮ ಇದು? ಸಾಹೇಬ್ರು ಹೊರಟಾಯ್ತಂತೆ. ಯಾರು ಮೊದಲು ಅಂತ ನಿನಗೆ ನೆನಪಿದೆಯೋ ಇಲ್ವೋ?" ಎಂದರು.

ಗಾಜಿನ ಬಾಗಿಲು ಭಾಗ್ಯಳ ಕಣ್ಣ ಮುಂದೆ ಮೆಲ್ಲಗೆ ಮುಚ್ಚಿಕೊಳ್ಳತೊಡಗಿತು, ಅವಳನ್ನು ಹೊರಗೆ ಬಿಟ್ಟು. ಇದ್ದಬದ್ದ ಧೈರ್ಯ ಸೇರಿಸಿ, ಜೀವನದಲ್ಲಿ ಮೊದಲ ಸಲ ಹತ್ತು ಜನರಿಗೆ ಕೇಳುವಂತೆ ಹೇಳಿದಳು: "ಮೊದಲು ಶಿವರುದ್ರಮ್ಮಜ್ಜಿ."

ಚೀಟಿಯ ಲೆಕ್ಕದಲ್ಲಿ ಅದು ನಿಜವೇ ಆಗಿತ್ತು. ಆದರೆ ಹಿಂದಿನಿಂದ ಒಬ್ಬ, "ಓಹೋ, ಪಕ್ಕದ ಮನೆಯೋರು ಅಂತಲಾ?" ಎಂದ. ಇನ್ನೊಬ್ಬ, "ಒಂದೇ ಆಟೋದಾಗೆ ಬಂದವ್ರೆ ಕಣ್ಲಾ, ಕಾಣಾಕಿಲ್ವಾ?" ಎಂದ. ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಭಾಗ್ಯಳ ದನಿ ಮತ್ತೆ ಬಾವಿಗೆ ಬಿತ್ತು.

ಅಷ್ಟರಲ್ಲಿ ಟ್ರ್ಯಾಕ್ಟರಿನ ಸದ್ದು. ಈರೇಶ್ ವಾಪಸ್ಸು ಬಂದಿದ್ದ. ಟ್ರೈಲರ್ ಮೇಲಿನ ಗೋಣಿ ತೆಗೆದು ನಗುತ್ತ ಇಳಿದ.

"ಯಾವ್ದೋ ಒಂದು ತೋಟದ ಕಾಯಿ ಅಂತ ತುಂಬ್ಕೊಂಡೆ ಕಣ್ರಪ್ಪ. ದಾರೀಲಿ ತಿರುಗಿ ನೋಡಿದ್ರೆ ಒಂದು ಗುಂಡಗೆ, ಒಂದು ಕೋಲುಮೂತಿ, ಒಂದು ಕರಿ, ಒಂದು ಕೆಂಚು. ಯಾವ ತೋಟ ಹಿಂಗೆ ಬುಡ್ತದೆ? ಇದು ಕಾಯಲ್ಲ, ಕ್ಯೂ ಅಂತ ಹೊಳೀತು."

ಆಮೇಲೆ ನಡೆದದ್ದನ್ನು ಭಾಗ್ಯ ಬಾಯಿಬಿಟ್ಟು ನೋಡಿದಳು. "ನಿನ್ನ ಬೋಳುಕಾಯಿ ನನ್ನ ಉದ್ದ ಜುಟ್ಟಿನ ಹಿಂದಿತ್ತು." "ಹೌದೌದು, ನಿನ್ನ ಮುಂದೆ ಕ್ಯಾತಣ್ಣನ ಸೊಟ್ಟಕಾಯಿ." ಕಾಯಿ ಇನ್ನೂ ಮಡಿಲಲ್ಲೇ ಇದ್ದ ಶಿವರುದ್ರಮ್ಮನಿಗೂ ಯಾರೋ ಜಾಗ ಬಿಟ್ಟುಕೊಟ್ಟರು. ನೋಡನೋಡುತ್ತ ಜಗಲಿಯ ತುದಿಯಿಂದ ತುದಿಗೆ ಕಾಯಿಗಳು ಶಾಲೆಯ ಮಕ್ಕಳಂತೆ ನಿಂತವು. ಜನ ಮರದಡಿ ಹೋಗಿ ಕುಳಿತರು. ಗಾಳಿಯಲ್ಲಿ ಜುಟ್ಟುಗಳಷ್ಟೇ ಅಲ್ಲಾಡುತ್ತಿದ್ದವು.

ಆ ಮೌನದೊಳಕ್ಕೆ ತಹಸೀಲ್ದಾರರ ಜೀಪು ಬಂತು. ಅವರು ಈ ತಾಲ್ಲೂಕಿಗೆ ಹೊಸಬರು, ದೂರದ ಊರಿನವರು. ಇಳಿದವರು ಜಗಲಿಯನ್ನೇ ನೋಡುತ್ತ ನಿಂತರು.

"ಏನ್ರೀ ಇದು?"

ಏಕಾಂತಯ್ಯನವರು ಕಪ್ಪಾದ ಪರದೆಯನ್ನು ನೋಡಿದರು, ಕಾಯಿಗಳನ್ನು ನೋಡಿದರು. "ಇದೇ ಸಾರ್... ಈ ಹುಡುಗಿಯ ಸರದಿ ವ್ಯವಸ್ಥೆ. ಕಂಪ್ಯೂಟರ್ ಕಲಿತವಳು. ಸೇವೆ ಅಂತ ಮಾಡಿದಾಳೆ."

ಅಲ್ಲ, ಇದನ್ನು ತೆಗೆಯಲೆಂದೇ ನಾನು ಬಂದದ್ದು ಎಂದು ಹೇಳಲು ಭಾಗ್ಯ ಬಾಯಿ ತೆರೆದಳು. ತುಟಿ ಅಲುಗಿತು. ಸಣ್ಣತಿಮ್ಮಯ್ಯ ಕೂಡಲೇ ಬಿಡಿಸಿ ಹೇಳಿದ: "ಎಲ್ಲ ತಮ್ಮ ಆಶೀರ್ವಾದ ಅಂತೈತೆ ಸಾರ್."

"ಕರೆಂಟ್ ಬೇಡ, ಕಾಗದ ಬೇಡ, ಓದು ಬರಹ ಬೇಡ" ಎಂದು ತಹಸೀಲ್ದಾರರು ತಲೆದೂಗಿದರು. "ಇಷ್ಟು ಓದಿದವಳು ಕಂಪ್ಯೂಟರನ್ನ ಪಕ್ಕಕ್ಕಿಟ್ಟು ಯೋಚನೆ ಮಾಡಿದಾಳಲ್ಲ, ಅದು ದೊಡ್ಡದು."

"ಕಂಪ್ಯೂಟರ್ ಕೋಣೆಗೆ ಈಕೆಯ ಹೆಸರು ಹೇಳೋಣ ಅಂತಿದ್ದೆ ಸಾರ್" ಎಂದರು ಏಕಾಂತಯ್ಯ.

"ಛೆ, ಇಂಥವಳನ್ನ ಒಂದು ಕೋಣೆಗೆ ಹಾಕಿ ಬಾಗಿಲು ಮುಚ್ಚೋದೇನ್ರೀ? ಎಲ್ಲ ಹೋಬಳಿಗೂ ಹೋಗಲಿ. ಶಾಮಿಯಾನ ಹಾಕ್ಸಿ, ಮೈಕ್ ಕೊಡಿ. ಜನರಿಗೆ ಈಕೆಯೇ ಭಾಷಣ ಮಾಡಿ ಹೇಳಿಕೊಡಲಿ. ಸೇವೆ ಅಂತ ತಾನೇ ಮುಂದೆ ಬಂದಿದಾಳೆ, ಸಂಬಳದ ಮಾತಾಡಿ ಅವಮಾನ ಮಾಡಬೇಡಿ."

ಸಾಹೇಬರಿಬ್ಬರೂ ಎಳನೀರು ಕುಡಿಯಲು ಒಳಗೆ ಹೋದರು. ಭಾಗ್ಯ, ನನಗೆ ಭಾಷಣ ಬರುವುದಿಲ್ಲ ಎಂದು ಒಂದೇ ಒಂದು ವಾಕ್ಯ ಹೇಳಿಬಿಡಬೇಕೆಂದು ಗಟ್ಟಿ ಮಾಡಿಕೊಂಡು ಬಾಗಿಲಿಗೆ ಹೋದಳು.

ಸಣ್ಣತಿಮ್ಮಯ್ಯ ಅಡ್ಡ ನಿಂತ. "ಸಾಹೇಬ್ರನ್ನ ನೋಡಬೇಕೇನವ್ವ? ನಿನ್ನ ಕಾಯಿ ಎಲ್ಲಿ?"

ಅವಳು ಕಾಯಿ ತಂದಿರಲಿಲ್ಲ. ಹಿಂದೆ ತಿರುಗಿ ಜಗಲಿಯುದ್ದಕ್ಕೂ ನೋಡಿದಳು. ಕೊನೆಗೆ ಕಂಪ್ಯೂಟರಿನಿಂದ ಮೌಸನ್ನು ಕಿತ್ತು ತಂದು ಕ್ಯಾತಣ್ಣನ ಹೋತ ಮುಟ್ಟದಷ್ಟು ದೂರದಲ್ಲಿ, ಸಾಲಿನ ಕಟ್ಟಕಡೆಗೆ ಇಟ್ಟಳು.

ಶಿವರುದ್ರಮ್ಮಜ್ಜಿ ಬಗ್ಗಿ, ಅದರ ಉದ್ದನೆಯ ವೈರನ್ನು ಎತ್ತಿ ಹಿಡಿದು ನೋಡಿದಳು.

"ಜುಟ್ಟೇನೋ ಚೆಂದಾಗೈತೆ ಕಣೇ" ಎಂದಳು. "ಆದ್ರೆ ಈ ಕಾಯಲ್ಲಿ ಚಟ್ನಿ ಆಗಾಕಿಲ್ಲ ಬುಡು."