ಬೀಗರಿಗೆ ಊರು ತೋರಿಸಿದ್ದು

ಬಂಡಿಯ ಅಚ್ಚು ಮುರಿಯಬಹುದಿತ್ತು. ನುಂಕಪ್ಪನ ಬೆಟ್ಟ ಹತ್ತುವಾಗ ಬೀಗರಾಗಬೇಕಾದವರ ಕಾಲು ಉಳುಕಬಹುದಿತ್ತು. ಅವರದು ಉಳುಕದಿದ್ದರೆ ನನ್ನದು ಉಳುಕಿ, ಅವರೇ ನನ್ನನ್ನು ಹೊತ್ತು ಇಳಿಸಬೇಕಾಗಬಹುದಿತ್ತು. ಹೆಣ್ಣಿನ ತಂದೆಯನ್ನು ಬೆನ್ನ ಮೇಲೆ ಹೊತ್ತವರು ಆಮೇಲೆ ಹೆಣ್ಣನ್ನು ಒಪ್ಪುತ್ತಾರೆಯೇ? ಪೂಜಾರಿ ಗುಡಿಗೆ ಬೀಗ ಜಡಿದು ದೇವಸಮುದ್ರದ ಮಗಳ ಮನೆಗೆ ಹೋಗಿರಬಹುದಿತ್ತು. ಕೋತಿ ಬೀಗರ ರುಮಾಲು ಕಿತ್ತುಕೊಳ್ಳಬಹುದಿತ್ತು. ಪೇಟೆಯಲ್ಲಿ ನಮ್ಮ ದಾಯಾದಿ ಎದುರಾಗಿ, ನಗುನಗುತ್ತಲೇ ನಮ್ಮ ಮನೆಯ ನಾಲ್ಕು ಮಾತು ಆಡಿಬಿಡಬಹುದಿತ್ತು. ಮಳೆ ಬರಬಹುದಿತ್ತು. ಮೊಳಕಾಲ್ಮೂರಿನಲ್ಲಿ ಮಳೆಯೇ ಎಂದು ನೀವು ನಗಬಹುದು. ಆದರೆ ನಾನು ಹೆದರಿದ ದಿನ ಅದೂ ಬರುತ್ತದೆ.

ಹೀಗೆ ಮುಂಗಡವಾಗಿ ಹೆದರುವುದು ನನ್ನ ಹುಟ್ಟುಗುಣ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಲಾಳಿ ಆ ಕಡೆ ಹೋಗುವಾಗ ಒಂದು ಚಿಂತೆ, ಈ ಕಡೆ ಬರುವಾಗ ಇನ್ನೊಂದು. ನಾನು ನೇಯ್ದ ಸೀರೆಯಲ್ಲಿ ರೇಷ್ಮೆಗಿಂತ ಚಿಂತೆಯ ಎಳೆಗಳೇ ಹೆಚ್ಚೆಂದು ನನ್ನ ಹೆಂಡತಿ ಹೇಳುತ್ತಾಳೆ. ಆದರೆ ನನ್ನ ಸೀರೆಯ ಅಂಚು ಇವತ್ತಿನ ತನಕ ಎಲ್ಲಿಯೂ ಬಿಟ್ಟುಕೊಂಡಿಲ್ಲ. ಇದನ್ನು ನಾನೇ ಹೇಳಬೇಕು, ಬೇರೆ ಯಾರೂ ಹೇಳುವುದಿಲ್ಲ.

ಈ ಸಲದ ಚಿಂತೆಗೆ ಕಾರಣರಾದವರು ಚಳ್ಳಕೆರೆಯ ನರಸಪ್ಪನವರು. ನಮ್ಮ ನೇಕಾರ ಕುಲದವರೇ, ಮಗ್ಗ ಬಿಟ್ಟು ಜವಳಿ ಅಂಗಡಿ ಇಟ್ಟವರು. ಅವರ ಮಗನಿಗೆ ನಮ್ಮ ಮಗಳು ನಾಗಮ್ಮನನ್ನು ತಂದುಕೊಳ್ಳುವ ಮಾತು ನಡೆದಿತ್ತು. ಹುಡುಗ ಒಳ್ಳೆಯವನು. ಅವನ ಹೆಸರು ಬಂದರೆ ಸಾಕು, ಒಳಗೆ ನಾಗಮ್ಮನ ರಾಟೆ ನಿಂತುಬಿಡುತ್ತಿತ್ತು. ಉಳಿದದ್ದು ನರಸಪ್ಪನವರ ಒಂದು ಮಾತು, ಅಷ್ಟೇ. ಆದರೆ ನಮ್ಮಲ್ಲಿ ಮಾತು ನಿಲ್ಲುವ ತನಕ ಗಂಡಿನ ಕಡೆಯವರು ಹೆಣ್ಣಿನ ಮನೆಯ ಉಪ್ಪು ಮುಟ್ಟುವುದಿಲ್ಲ. ಬೆಲ್ಲ, ನೀರು, ಮುಗಿಯಿತು. ಒಪ್ಪಿಗೆಯಾದರೆ ಎಲೆಯ ಮುಂದೆ ಕೂತು ಉಣ್ಣುತ್ತಾರೆ. ಉಣ್ಣದೆ ಎದ್ದು ಹೊರಟರೆ ಸಂಬಂಧ ಬೇಡವೆಂದೇ ಅರ್ಥ.

ಕೋಳಿ ಕೂಗುವ ಹೊತ್ತಿಗೇ ನರಸಪ್ಪನವರು ಬಂದಿಳಿದರು. ಹೆಂಡತಿ ನನ್ನನ್ನು ಅಡಿಗೆಮನೆಗೆ ಕರೆದು, "ಹಿರಿಯರನ್ನ ಬೆಲ್ಲದ ಮೇಲೆ ಎಷ್ಟೊತ್ತು ಕೂಡಿಸ್ತೀರಿ? ಕರ್ಕೊಂಡು ಹೋಗಿ ಊರು ತೋರಿಸ್ರಿ. ಹಸಿದ್ರೆ ಹೊರಗೇ ಏನಾರ ಕೊಡಿಸ್ರಿ. ಸಂಜೆಗೆ ನಾನು ಹೋಳಿಗೆ ಮಾಡಿಟ್ಟಿರ್ತೀನಿ" ಎಂದಳು.

ನುಂಕಪ್ಪನ ಬೆಟ್ಟದ ಅರ್ಧಕ್ಕೇ ನರಸಪ್ಪನವರು ನಿಂತು, "ನಮ್ಮ ಚಳ್ಳಕೆರಮ್ಮ ಊರೊಳಗೇ ಅವ್ಳೆ. ಹಿಂಗೆ ಜನಾನ ದಣಿಸಲ್ಲ" ಎಂದರು. ಹೇಗೋ ಮೇಲೆ ತಲುಪಿ ದರ್ಶನ ಮಾಡಿಸಿದೆ. ಸುತ್ತಲ ಬಂಡೆಗುಡ್ಡಗಳನ್ನೆಲ್ಲ ನಾನೇ ಕಡಿದು ನಿಲ್ಲಿಸಿದವನ ಹಾಗೆ ಕೈಚಾಚಿ ತೋರಿಸಿದೆ.

"ಇಲ್ಲಿಂದ ಚಳ್ಳಕೆರೆ ಕಾಣ್ತೈತಾ?"

"ಇಲ್ಲ ರೀ."

"ಮತ್ತೆ ನೋಡೋದೇನೈತೆ?"

ಆದರೆ ಪೂಜಾರಿ ಕೊಟ್ಟ ಮಂಡಕ್ಕಿ, ಬೆಲ್ಲ, ಕೊಬ್ಬರಿಯ ಪಳಾರವನ್ನು ಎರಡು ಸಲ ಕೇಳಿ ಹಾಕಿಸಿಕೊಂಡರು. ಕೆಳಗಿಳಿದಾಗ ಸೀತಾಫಲ ಮಾರುವವಳ ಬುಟ್ಟಿ ಹಗುರ ಮಾಡಿದರು. ಅಲ್ಲಿಂದ ಬಂಡಿ ಕಟ್ಟಿ ಸಿದ್ದಾಪುರಕ್ಕೆ ಹೋದೆವು. ಪೇಟೆಯಲ್ಲಿ ಕಟ್ಟಿಸಿಕೊಂಡ ಗುಗ್ಗರಿಯನ್ನು ದಾರಿಯುದ್ದಕ್ಕೂ ತಿಂದರು. ಒಬ್ಬರೇ ತಿನ್ನಲು ಬಿಡುವುದು ಮರ್ಯಾದೆಯಲ್ಲವೆಂದು ನಾನೂ ಸರಿಸಮ ತಿಂದೆ. ಬ್ರಹ್ಮಗಿರಿಯ ಬುಡದಲ್ಲಿರುವ ಅಕ್ಷರಗುಂಡು ಎನ್ನುವ ಬಂಡೆಗೆ ನಮ್ಮವರು ತಲೆತಲಾಂತರದಿಂದ ಕೈ ಮುಗಿಯುತ್ತಾರೆ, ಅದನ್ನು ತೊಳೆದ ನೀರನ್ನು ಹೆರಿಗೆ ನೋವಿನವರಿಗೆ ಕುಡಿಸುತ್ತಾರೆ. ಕೆಲವು ವರ್ಷದ ಹಿಂದೆ ಬಿಳಿಯ ದೊರೆಯೊಬ್ಬರು ಬಂದು ಕಾಗದ ಒತ್ತಿ ಅದರ ಅಕ್ಷರ ತೆಗೆದುಕೊಂಡು ಹೋದ ಮೇಲೆ ಅದು ಹಿಂದಿನ ಚಕ್ರವರ್ತಿಯೊಬ್ಬ ಬರೆಸಿದ ಶಾಸನವೆಂದು ತಿಳಿಯಿತಂತೆ.

"ಏನಂತ ಬರೆದೈತೆ?" ಎಂದರು ನರಸಪ್ಪನವರು.

"ತಾಯಿ ತಂದೆ ಮಾತು ಕೇಳಬೇಕು ಅಂತ ಐತಂತೆ. ಶಾಲೆ ಮೇಷ್ಟ್ರು ಹೇಳಿದ್ರು."

ಅವರು ಬಂಡೆಯನ್ನು ಬಹಳ ಹೊತ್ತು ನೋಡಿದರು. "ಅಂದ್ರೆ ಆಗ್ಲೂ ಯಾರೂ ಕೇಳ್ತಿರ್ಲಿಲ್ಲ" ಎಂದು ಕೈ ಮುಗಿದರು. ಚಳ್ಳಕೆರೆಯಲ್ಲಿ ಇದಕ್ಕಿಂತ ದೊಡ್ಡ ಬಂಡೆ ಐತೆ ಎಂದು ಮಾತ್ರ ಅನ್ನಲಿಲ್ಲ. ನಾನು ರುಮಾಲು ಸರಿಪಡಿಸಿಕೊಂಡೆ.

ದೀಪ ಹಚ್ಚುವ ಹೊತ್ತಿಗೆ ಮೊಳಕಾಲ್ಮೂರು ಪೇಟೆ ಸೇರಿದೆವು. ನೇರ ಮನೆಗೆ ಹೋಗಬೇಕಾಗಿತ್ತು. ಆದರೆ ಒಪ್ಪಿಗೆಯ ಮಾತು ಇನ್ನೂ ಅವರ ಬಾಯಿಂದ ಬಂದಿರಲಿಲ್ಲ. ಕೊನೆಯ ಅಸ್ತ್ರವೆಂದು ಸಾಕಮ್ಮನ ಒಲೆಯ ಮುಂದೆ ಬಂಡಿ ನಿಲ್ಲಿಸಿದೆ. ಸಾಕಮ್ಮ ಬಿಸಿ ಎಣ್ಣೆಯಿಂದ ಮೆಣಸಿನಕಾಯಿ ಬಜ್ಜಿ ಎತ್ತುತ್ತಾ, "ಚಳ್ಳಕೆರೆ ಸಾವ್ಕಾರ್ರಾ? ಕಣ್ಣಾಗೆ ನೀರು ಬಂದ್ರೆ ನನ್ನ ಬೈಬ್ಯಾಡ್ರಪ್ಪ" ಎಂದಳು.

"ನಮ್ಮೂರಾಗೆ ಮೆಣಸಿನಕಾಯಿ ಇಲ್ವಾ?"

"ಇರ್ತಾವೆ ಬಿಡ್ರಿ. ಖಾರ ಇರ್ಬೇಕಲ್ಲ."

ನರಸಪ್ಪನವರು ಒಂದನ್ನು ಕಚ್ಚಿದರು. ಮೂಗು ಕೆಂಪಾಯಿತು. ಒಗ್ಗರಣೆ ಮಂಡಕ್ಕಿ ಹಾಕಿಸಿಕೊಂಡರು, ಇನ್ನೊಂದು ಕಚ್ಚಿದರು. "ಬಾಗುಂದಿ", ಚೆನ್ನಾಗಿದೆ ಎಂದು ಮನೆಮಾತಾದ ತೆಲುಗಿಗೆ ಇಳಿದರು. ಮುತ್ತುಗದ ಎಲೆ ಖಾಲಿಯಾಗುವುದು, ಸಾಕಮ್ಮ ತುಂಬುವುದು. ನಾನೂ ಹಿಂದೆ ಬೀಳಲಿಲ್ಲ. ಕೊನೆಗೆ ಅವರು ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿ, ಮೊದಲ ಬಾರಿಗೆ ಸಣ್ಣ ದನಿಯಲ್ಲಿ, "ಇಂಥ ಊರಾಗೆ ಬೆಳೆದ ಹುಡುಗಿಗೆ ನಮ್ಮೂರು ಸಪ್ಪೆ ಅನ್ನಿಸಲ್ವೇನ್ರಿ, ಬೀಗ್ರೆ?" ಎಂದರು.

ಬೀಗರೇ! ನನ್ನ ಚಿಂತೆ ಅವರ ಮುಖಕ್ಕೆ ವರ್ಗವಾಗಿತ್ತು. "ಹೊಂದ್ಕೋತಾಳೆ ಬಿಡ್ರಿ" ಎಂದು ದೊಡ್ಡ ಮನಸ್ಸು ಮಾಡಿ ಹೇಳಿದೆ. ಆ ಗಳಿಗೆಯಲ್ಲಿ ನುಂಕಪ್ಪನ ಬೆಟ್ಟಕ್ಕೂ ನನಗೂ ಎತ್ತರದಲ್ಲಿ ಅಂಥ ವ್ಯತ್ಯಾಸವೇನೂ ಇರಲಿಲ್ಲ.

ಮನೆಯಲ್ಲಿ ತಾಂಬೂಲ ಬದಲಾಯಿಸಿಕೊಂಡೆವು, ಎಲೆ ಹಾಕಿದರು. ಹೋಳಿಗೆಯ ಮೇಲೆ ತುಪ್ಪ ಬಿತ್ತು. ನರಸಪ್ಪನವರು ಎಲೆಯನ್ನು ನೋಡಿದರು, ಹೊಟ್ಟೆಯ ಮೇಲೆ ಕೈ ಇಟ್ಟರು. "ತಂಗೀ, ಗಂಟಲ ತನಕ ಐತಮ್ಮ. ಒಂದು ತುತ್ತೂ ಇಳಿಯಲ್ಲ" ಎಂದರು. ಬಾಗಿಲ ಮರೆಯಲ್ಲಿ ನಾಗಮ್ಮನ ಬಳೆ ಸದ್ದು ನಿಂತಿತು. ಎಲ್ಲರೂ ನನ್ನನ್ನೇ ನೋಡಿದರು. ಅಷ್ಟರಲ್ಲಿ ಆ ಪುಣ್ಯಾತ್ಮರು ಎಲೆಯ ತುದಿಯ ಉಪ್ಪನ್ನು ಬೆರಳಲ್ಲಿ ಮುಟ್ಟಿ ನಾಲಿಗೆಗೆ ಇಟ್ಟುಕೊಂಡು, "ಉಪ್ಪು ತಿಂದೆ. ಮಾತು ಗಟ್ಟಿ" ಎಂದರು, ಕಂಬಕ್ಕೆ ಒರಗಿ ಅಲ್ಲೇ ಕಣ್ಣು ಮುಚ್ಚಿದರು.

ಇಷ್ಟೆಲ್ಲಕ್ಕೆ ಹೆದರಿದವನು, ಮನುಷ್ಯನ ಹೊಟ್ಟೆಗೆ ತಳ ಇರುತ್ತದೆ ಎನ್ನುವುದಕ್ಕೆ ಮಾತ್ರ ಹೆದರಿರಲಿಲ್ಲ. ಬೆಳಗಿನಿಂದ ಒಲೆಯ ಮುಂದೆ ಬೆಂದಿದ್ದ ನನ್ನ ಹೆಂಡತಿ ಹತ್ತಿರ ಬಂದು, "ಊರು ತೋರಿಸ್ರಿ ಅಂದ್ರೆ ಊರನ್ನೇ ತಿನ್ನಿಸ್ಕೊಂಡು ಬಂದೀರಲ್ಲ" ಎಂದಳು, ಮೆಲ್ಲಗೆ, ಬೀಗರಿಗೆ ಎಚ್ಚರವಾಗದ ಹಾಗೆ. ಆಮೇಲೆ ಅವರಿಗೆಂದು ಮಾಡಿದ ಹೋಳಿಗೆಯನ್ನೆಲ್ಲ ನನ್ನ ಎಲೆಗೆ ಬಡಿಸಿ, ಎದುರಿಗೇ ಕೂತಳು. ನನಗೂ ಗಂಟಲ ತನಕ ಇದೆ ಎಂದು ಹೇಳುವ ಧೈರ್ಯವಾಗಲಿಲ್ಲ. ಹೊಸ ಬೀಗರು ಗೊರಕೆ ಹೊಡೆಯುತ್ತಿದ್ದರು. ನಾನು ನಮ್ಮೂರಿನ ಹೆಮ್ಮೆಯ ಮೇಲೆ ಒಂದೊಂದೇ ಹೋಳಿಗೆ ಇಳಿಸುತ್ತಾ ಕೂತೆ.